ಮೊದಲ ಸಾಲಿನಲ್ಲಿ ಮುಂಬೈ

ಹರಿಹರ
೨೩ ಅಕ್ಟೋಬರ್ ೨೦೨೫

ನನ್ನ ಮುದ್ದು ಹುಮಾಗೆ,

ಅಮ್ಮಿಯ ಸಲಾಂ, ಹಣೆಗೊಂದು ಮುತ್ತು. ದಿನಾ ಫೋನಿನಲ್ಲಿ ತಲೆ ತಿನ್ನುವ ಅಮ್ಮಿಗೆ ಈಗ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತಿದ್ದೀಯಾ? ನಗು. ನಮ್ಮ ಮನೆಯ ಫೋನು ನಿನಗೆ ಗೊತ್ತೇ ಇದೆ. ನೀನು ಪ್ರಯಾಗರಾಜಿಗೆ ಟ್ರೈನಿಂಗಿಗೆ ಹೋದಂದಿನಿಂದ ಅದು ಸ್ಪೀಕರ್ ಬಿಟ್ಟು ಇಳಿದಿಲ್ಲ. ನೀನು ಹಲೋ ಅನ್ನುವಷ್ಟರಲ್ಲಿ ನಿನ್ನ ಅಬ್ಬಾ ಮಂಡಕ್ಕಿ ಭಟ್ಟಿಯ ಮುಂದಿನಿಂದ ಎದ್ದು ಬರುತ್ತಾರೆ, ಚೀಲ ಹೊಲಿಯುವ ಅಂಜಿನವ್ವ ಸೂಜಿ ಹಿಡಿದುಕೊಂಡೇ ಬರುತ್ತಾಳೆ. ನಿನಗೆ ಹೊಟ್ಟೆನೋವು ಬಂದರೂ ಬೀದಿಗೆಲ್ಲ ತಿಳಿಯುತ್ತದೆ. ಅದಕ್ಕೇ ನಿನ್ನ ನಾನಿಯನ್ನು ನೋಡುವ ನೆಪ ಹೇಳಿ ದಾವಣಗೆರೆಯಿಂದ ಇಲ್ಲಿ ತವರಿಗೆ ಬಂದು ಕೂತಿದ್ದೇನೆ. ನಾನಿಗೆ ಕಿವಿ ಕೇಳಿಸದು, ಕನ್ನಡ ಓದಲು ಬಾರದು. ಗುಟ್ಟಿನ ಮಾತು ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ವಿಷಯ ನಿನ್ನ ಪೋಸ್ಟಿಂಗಿನದು. ಯಾವ ಯಾವ ವಿಮಾನ ನಿಲ್ದಾಣ ಬೇಕು ಎಂದು ಒಂದರ ಕೆಳಗೊಂದು ಬರೆದು ಕೊಡಬೇಕು, ಮುಂದಿನ ತಿಂಗಳ ಮೊದಲ ವಾರವೇ ಗಡುವು ಅಂದೆಯಲ್ಲ. ಮೊನ್ನೆ ಅಬ್ಬಾ ನಿನಗೆ ಕೊಟ್ಟ ಬುದ್ಧಿವಾದವನ್ನು ಸ್ಪೀಕರಿನಲ್ಲಿ ನಾವೆಲ್ಲ ಕೇಳಿದೆವು. "ಬೇಕಾದ್ದನ್ನ ಮೊದ್ಲೇ ಬಾಯಿ ಬಿಡಬ್ಯಾಡ ಬೇಟಿ. ಮೊದ್ಲು ಮುಂಬೈ ಅಂತ ಬರಿ, ಆಮ್ಯಾಲೆ ಡೆಲ್ಲಿ. ಅಷ್ಟು ದೊಡ್ಡದು ಆಗಲ್ಲ ಅಂತಾರೆ ಅವ್ರು. ಆಗ ಹೋಗ್ಲಿ ಬಿಡ್ರಿ, ಹುಬ್ಬಳ್ಳಿನಾದ್ರೂ ಕೊಡ್ರಿ ಅನ್ನು. ಹೆಂಗೆ ಕೊಡಲ್ಲ ನೋಡೋಣ" ಅಂದರು. ಅಂಜಿನವ್ವ ಹೌದ್ ಹೌದು ಅಂದಳು. ನೀನು ಹೂಂ ಅಬ್ಬಾ ಅಂದೆ.

ಅವರು ಎಲ್ಲವನ್ನೂ ಹೀಗೇ ಪಡೆದವರು. ಮಾರ್ಕೆಟ್ಟಿನಲ್ಲಿ ತಮಗೆ ಬೇಕಾದ ಭತ್ತದ ರಾಶಿಯ ಕಡೆ ತಿರುಗಿಯೂ ನೋಡುವುದಿಲ್ಲ. ಪಕ್ಕದ ರಾಶಿಗೆ ಕೈ ಹಾಕಿ, ಮೂಸಿ, ರೇಟು ಕೇಳಿ, ಮುಖ ಸಿಂಡರಿಸಿ, ಕೊನೆಗೆ ದಲ್ಲಾಳಿಗೆ ಉಪಕಾರ ಮಾಡುವವರ ಹಾಗೆ ತಮ್ಮ ರಾಶಿಗೆ ಬರುತ್ತಾರೆ. ನನ್ನನ್ನು ನೋಡಲು ಈ ಮನೆಗೆ ಬಂದಾಗಲೂ ಅದೇ ಕಥೆ. ನಾನು ಚಹಾ ಹಿಡಿದು ನಿಂತಿದ್ದರೆ ನನ್ನ ಕಡೆ ಕಣ್ಣೆತ್ತದೆ ಗೋಡೆಯ ಗಡಿಯಾರವನ್ನೇ ನೋಡುತ್ತಾ, ಇದು ಎಲ್ಲಿ ತಗೊಂಡಿದ್ದು ಎಂದು ನಿನ್ನ ನಾನಾನನ್ನು ಕೇಳಿದರು. ಹುಡುಗನಿಗೆ ಗಡಿಯಾರ ಹಿಡಿಸಿತು, ಹುಡುಗಿ ಹಿಡಿಸಲಿಲ್ಲ ಎಂದು ನಾನಿ ಆ ರಾತ್ರಿ ಊಟ ಬಿಟ್ಟಿದ್ದರು. ಮಾರನೆಯ ದಿನವೇ ಇವರು ಮದುವೆಗೆ ಒಪ್ಪಿಗೆ ಕಳಿಸಿದರು. ಆ ಗಡಿಯಾರ ಈಗಲೂ ನನ್ನ ಎದುರಿಗೇ ಟಿಕ್ ಟಿಕ್ ಅನ್ನುತ್ತಿದೆ.

ಆದರೆ ಸರ್ಕಾರದ ಕೆಲಸಕ್ಕೂ ಭತ್ತದ ಮಾರ್ಕೆಟ್ಟಿಗೂ ಒಂದೇ ನಡೆಯೇ ಎಂದು ನನಗೆ ಅನುಮಾನ ಬಂತು. ನಿನಗಿಂತ ಮೊದಲು ಇದೇ ಕೆಲಸಕ್ಕೆ ಸೇರಿದ ನಿನ್ನ ಗೆಳತಿ ಪುಷ್ಪಲತಾ ದೀಪಾವಳಿಗೆ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ನಿಟ್ಟುವಳ್ಳಿಯ ಅವಳ ಮನೆಗೆ ಹೋಗಿ ಕೇಳಿದೆ. "ಚೌಕಾಸಿ ಎಲ್ಲಾ ಇಲ್ಲ ಆಂಟಿ. ರ್‍ಯಾಂಕ್ ಮುಂದಿದ್ದು ಅಲ್ಲಿ ಜಾಗ ಇದ್ರೆ ಮೊದ್ಲು ಬರೆದದ್ದೇ ಕೊಟ್ಟುಬಿಡ್ತಾರೆ. ಹುಮಾ ರ್‍ಯಾಂಕಿಗೆ ಮುಂಬೈ ಸಿಕ್ಕೇ ಸಿಗ್ತೈತೆ. ಹುಬ್ಬಳ್ಳಿ ಬೇಕಂದ್ರೆ ಹುಬ್ಬಳ್ಳಿನೇ ಮೊದ್ಲು ಬರೀಬೇಕು" ಅಂದಳು.

ಅಬ್ಬಾ ಹೇಳಿದ ಹಾಗೆ ನೀನು ಬರೆದರೆ ಕೈಗೆ ಬಂದ ಹುಬ್ಬಳ್ಳಿ ಬಾಯಿಗೆ ಬರುವುದಿಲ್ಲ. ಓಡಿ ಹೋಗಿ ಅವರಿಗೆ ಹೇಳಿಬಿಡಬೇಕು ಎಂದು ಆಟೊ ಹತ್ತಿದೆ, ಭಟ್ಟಿ ಕಡೆ ನಡಿಯಪ್ಪ ಎಂದೆ. ಅರ್ಧ ದಾರಿಯಲ್ಲಿ ನಿನ್ನ ಆ ಹೂಂ ನೆನಪಾಯಿತು. ಹೊಟ್ಟೆ ತುಂಬಿದ ಮೇಲೂ ನಾನು ಇನ್ನೊಂದು ಸೌಟು ಬಡಿಸಿದಾಗ ಹೇಳುತ್ತೀಯಲ್ಲ, ಅದೇ ಹೂಂ.

ಬಕ್ರೀದಿಗೆ ಬಂದಾಗ ಮಾಳಿಗೆಯ ಮೇಲೆ ಕೂತು ನನಗೆ ನಿನ್ನ ಕೆಲಸ ಕಲಿಸಿದ್ದು ನೆನಪಿದೆಯೇ? ತಟ್ಟೆಯಲ್ಲಿ ಮಂಡಕ್ಕಿಯ ಕಾಳುಗಳೇ ವಿಮಾನ ಎಂದು ಸಾಲಾಗಿ ಇಟ್ಟು, ಇದನ್ನು ಮೊದಲು ಇಳಿಸಬೇಕು, ಇದನ್ನು ಸ್ವಲ್ಪ ಕಾಯಿಸಬೇಕು, ಇವೆರಡೂ ಹತ್ತಿರ ಬರಲೇಬಾರದು ಎಂದು ಬೆರಳಿನಿಂದ ಸರಿಸುತ್ತಿದ್ದೆ. "ಹುಬ್ಬಳ್ಳಿ ತಟ್ಟೆ ಬಹಳ ಹೊತ್ತು ಖಾಲಿ ಇರ್ತೈತೆ ಅಮ್ಮಿ. ಮುಂಬೈನಾಗೆ ಕಾಳು ಬೀಳ್ತಾನೇ ಇರ್ತಾವೆ. ಕಲಿಯೋದಾದ್ರೆ ಅಲ್ಲೇ ಕಲೀಬೇಕು" ಅಂದೆ. ಆಗ ನಿನ್ನ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಅಬ್ಬಾ ಮೆಟ್ಟಿಲು ಹತ್ತಿ ಬಂದರು, ನೀನು ಕಾಳನ್ನೆಲ್ಲ ಬಾಯಿಗೆ ಹಾಕಿಕೊಂಡೆ.

ಆಟೊದವನಿಗೆ ಬಸ್ ಸ್ಟ್ಯಾಂಡಿಗೆ ತಿರುಗಿಸು ಎಂದೆ. ಅವನು ಗೊಣಗಿದ. ಮನೆಗೆ ಹೋಗಿದ್ದರೆ ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹರಿಹರದ ಬಸ್ಸು ಹತ್ತಿದ ಮೇಲೆ ಅಬ್ಬಾಗೆ ಫೋನು ಮಾಡಿ, ನಾನಿಗೆ ಮೈ ಹುಷಾರಿಲ್ಲ ಎಂದೆ. ನಾನಿ ಇಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ, ಅಲ್ಲಾಹ್ ಕ್ಷಮಿಸಲಿ.

ನನ್ನ ಆಸೆ ಕೇಳುತ್ತೀಯಾ? ಮುಚ್ಚಿಡುವುದಿಲ್ಲ. ಹುಬ್ಬಳ್ಳಿಯೇ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ನಿನಗೆ ಬಿಸಿ ಅನ್ನ ಬಡಿಸಬಹುದು. ಇರುವವಳು ನೀನೊಬ್ಬಳು. ನೀನಿಲ್ಲದ ಮನೆಯಲ್ಲಿ ಅಡುಗೆಗೆ ರುಚಿಯಿಲ್ಲ, ಜಗಳಕ್ಕೂ ರುಚಿಯಿಲ್ಲ. ಹೀಗಿದ್ದರೂ ಹೇಳುತ್ತಿದ್ದೇನೆ, ಅಬ್ಬಾ ಹೇಳಿದಂತೆಯೇ ಬರಿ. ಮುಂಬೈ ಮೊದಲು. ನೀನು ತಂದೆಯ ಮಾತು ಮೀರಿದ ಹಾಗೂ ಆಗುವುದಿಲ್ಲ. ಅವರ ಲೆಕ್ಕ ತಪ್ಪು ಎಂದು ನೀನೂ ಹೇಳಬೇಡ, ನಾನೂ ಹೇಳುವುದಿಲ್ಲ.

ಒಂದೇ ಸಂಕಟ. ಆರ್ಡರ್ ಬಂದ ದಿನ ಅವರ ಮುಖವನ್ನು ಹೇಗೆ ನೋಡಲಿ? ನಾನೇ ಕೈಯಾರೆ ಮಗಳನ್ನು ದೂರ ಕಳಿಸಿದೆ ಎಂದು ತಲೆ ಹೊಡೆದುಕೊಳ್ಳುತ್ತಾರೆ. ಅವರಿಗೆ ಗೊತ್ತಿಲ್ಲದೆ ಅವರ ಮಾತನ್ನೇ ತಿರುಗಿಸಿ ಅವರ ಮೇಲೆ ಹಾಕುತ್ತಿದ್ದೇನಲ್ಲ ಎಂದು ಅಳು ಬಂತು. ನಾನಿ ನನ್ನ ಕಣ್ಣು ನೋಡಿ, "ಗಂಡನ ಮ್ಯಾಲೆ ದೂರು ಬರೀತಿದ್ದೀ ಏನು? ಬರಿ, ಬರಿ" ಎಂದು ಚಹಾ ತಂದಿಟ್ಟರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಳಿ ಶುರುವಾಗಿರಬೇಕು, ಕಿವಿ ಮುಚ್ಚಿಕೋ.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮಿ
ತಸ್ಲೀಮ್

ತಾ.ಕ.: ದಾವಣಗೆರೆಯ ಪೋಸ್ಟ್ ಆಫೀಸಿನಲ್ಲಿ ನಿಂತು ಇಷ್ಟು ಸೇರಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ಬಸ್ಸಿಳಿದು ಬರುವಾಗ ದಾರಿಯಲ್ಲಿ ಪುಷ್ಪಲತಾ ಸಿಕ್ಕಳು. ನಿನ್ನೆ ಹೇಳಿದ್ದನ್ನು ನಮ್ಮ ಮನೆಯ ಸಾಹೇಬರ ಕಿವಿಗೆ ಹಾಕಬೇಡಮ್ಮ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ನಕ್ಕುಬಿಟ್ಟಳು. "ಅಂಕಲ್ ನಿಮಗಿಂತ ಮೊದ್ಲೇ ಬಂದಿದ್ರು ಆಂಟಿ. ಮೊನ್ನೆ ಹುಮಾಗೆ ಫೋನ್ ಮಾಡೋಕೂ ಮುಂಚೆ. ಎಲ್ಲಾ ಬಿಡಿಸಿ ಹೇಳಿದ್ದೆ. ನಿಮಗೆ ಹೇಳಬ್ಯಾಡ ಅಂತ ಅವ್ರೂ ಆಣೆ ಮಾಡಿಸಿಕೊಂಡಿದ್ರು" ಅಂದಳು. ಮುಂಬೈ ರೈಲು ದಾವಣಗೆರೆಯಲ್ಲಿ ನಿಲ್ಲುತ್ತದೆಯೇ ಎಂದೂ ಕೇಳಿದ್ದರಂತೆ.

ಆಮೇಲೆ ಇನ್ನೊಂದು ಮಾತು ಹೇಳಿದಳು. ಏಳುವ ಮುಂಚೆ ಅವರು ಅವಳ ಮನೆಯ ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂತು, "ಇದು ಎಲ್ಲಿ ತಗೊಂಡಿದ್ದು?" ಎಂದು ಕೇಳಿದರಂತೆ. ಯಾಕೆ ಕೇಳಿದರೋ ಪಾಪ ಅವಳಿಗೆ ಇನ್ನೂ ತಿಳಿದಿಲ್ಲ.