ಆಲಿಕಲ್ಲಿಗೆ ಉದುರಿದ ಕಾಯಿಯ ಗುಳಂಬ

ರಾಣಿಖೇತ, ಮೇ ೧೯೮೯

ಅಂಕಲಿಯ ಆಯಿಗೆ ನಮಸ್ಕಾರ. ಅಣ್ಣ ಇದನ್ನು ಗಟ್ಟಿಯಾಗಿ ಓದಿ ಹೇಳಲಿ.

ಇಂದು ಬೆಳಿಗ್ಗೆ ಅಂಗಳದಲ್ಲಿ ಕರಗದೆ ಉಳಿದ ಆಲಿಕಲ್ಲುಗಳ ನಡುವೆ ಹಸಿರು ಪೀಚ್ ಕಾಯಿಗಳು ಬಿದ್ದಿದ್ದವು. ಪೀಚ್ ಇಲ್ಲಿಯ ಬೇಸಿಗೆ ಹಣ್ಣು, ಮೈಮೇಲೆ ಕರುವಿನ ಕಿವಿಯಂಥ ರೋಮ. ನಮ್ಮ ಮನೆಯೊಡತಿ ಕಮಲಾ ಚಾಚಿ ಕಣ್ಣೊರೆಸಿಕೊಳ್ಳುತ್ತ ಅವನ್ನು ತಿಪ್ಪೆಗೆ ಗುಡಿಸುತ್ತಿದ್ದರು. ಗಾಳಿಗೆ ಉದುರಿದ ಮಾವಿನಕಾಯಿಯನ್ನು ಒಂದೂ ಬಿಡದೆ ನೀನು ಗುಳಂಬ ಮಾಡುವುದು ನೆನಪಾಯಿತು. ಮಾತಾಡಲು ನಾಚಿಕೆಯಾಗಿ ಸುಮ್ಮನೆ ಬುಟ್ಟಿ ತಂದು ಆರಿಸತೊಡಗಿದೆ. "ಅರೆ ಬಹೂ, ಈ ಹುಳಿಗಾಯಿ ದನಗಳೂ ತಿನ್ನೋದಿಲ್ಲ!" ಎಂದರು.

ಒರಟು ಬಟ್ಟೆಯಿಂದ ರೋಮ ಉಜ್ಜಿ, ತುರಿದು, ಬೇಯಿಸಿ, ಊರಿಂದ ತಂದಿದ್ದ ಬೇಡಕಿಹಾಳದ ಬೆಲ್ಲ ಹಾಕಿ ಪಾಕ ಬರುವವರೆಗೆ ತಿರುವಿ, ಕೊನೆಗೆ ಏಲಕ್ಕಿ ಹಾಕಿದೆ. "ಬಿ.ಎ. ಕಲ್ತ ಕೈಗೆ ಪಾಕ ಒಲಿಯೂದಿಲ್ಲ ಬೇ" ಅಂತಿದ್ದಿಯಲ್ಲ, ಕೇಳು: ಚಾಚಿ ಚಪಾತಿಗೆ ಹಚ್ಚಿಕೊಂಡು ತಿಂದು, ಬಟ್ಟಲು ನೆಕ್ಕಿ, ತಿಪ್ಪೆಯ ಮೇಲಿನ ಕಾಯಿಗಳನ್ನು ತಾವೇ ಆರಿಸಿ ತೊಳೆದು ತಂದರು! ಓಣಿಯ ಎಲ್ಲರ ಬೆಳೆಯೂ ಹೀಗೇ ಬಿದ್ದಿದೆಯಂತೆ. ಭಾನುವಾರ ಹೆಂಗಸರನ್ನೆಲ್ಲ ಕರೆಯುತ್ತಾರೆ, ನಾನು ಮಾಡಿ ತೋರಿಸಬೇಕಂತೆ.

ನನ್ನ ಕೆಮ್ಮು ನಿಂತಿದೆ. ರಜೆ ಮುಗಿಸಿ ಊರಿಂದ ಬರುವ ಇವರ ಪಲ್ಟನ್ನಿನ ಧರೆಪ್ಪನ ಕೈಯಲ್ಲಿ ಬೆಲ್ಲ ಕಳಿಸು.

ಚಿಕ್ಕೋಡಿ ಕಾಲೇಜಿನಲ್ಲಿ ವೇದಿಕೆ ಹತ್ತಿ, ಬಾಯಿ ಬಿಡದೆ ಇಳಿದು ಬಂದವಳು ನಾನು. ಭಾನುವಾರ ನನ್ನ ಪರವಾಗಿ ತಾವೇ ಮಾತಾಡುವುದಾಗಿ ಇವರು ಹೇಳಿದರು. ಬೇಡ ಎಂದಿದ್ದೇನೆ. ನನ್ನ ಹರಕು ಹಿಂದಿಯಲ್ಲಿ ನಾನೇ ಹೇಳುತ್ತೇನೆ.

ಮೊಮ್ಮಗಳು ಸುನಂದಾ