ಸೋವಿ ಸಾವಿಗೂ ಒಂದು ಸೈರನ್

ಸೈರನ್ನಿನ ಗುಂಡಿ ಯಾರ ಬೆರಳಡಿ ಇದೆಯೋ ಆ ಮಾನ್ಯ ಅಧಿಕಾರಿಗಳೇ,

ಅಗ್ಗದ ಡ್ರೋನುಗಳಿಗೆ ಇನ್ನು ಸೈರನ್ ಕೂಗಿಸುವುದಿಲ್ಲ ಎಂಬ ತಮ್ಮ ಸುತ್ತೋಲೆ ನಮ್ಮ ಬೀದಿಯ ಗೋಡೆಯ ಮೇಲಿದೆ. ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಿ. ಪತ್ರ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾರಣವಿಲ್ಲದ ಅರ್ಜಿ ತಮ್ಮ ಕಚೇರಿಗೆ ಜೀರ್ಣವಾಗುವುದಿಲ್ಲವೆಂದು ಕೇಳಿದ್ದೇನೆ. ಕಾರಣ ಒದಗಿಸುತ್ತಿದ್ದೇನೆ.

ಮೊದಲು ತಮ್ಮ ತರ್ಕಕ್ಕೆ ತಲೆಬಾಗುತ್ತೇನೆ. ಕ್ಷಿಪಣಿ ಬಂದರೆ ಸೈರನ್. ಬೆಂಕಿಪೊಟ್ಟಣದ ಹಾಗೆ ಕಾರ್ಖಾನೆಯಿಂದ ಸಾಲಾಗಿ ಇಳಿಯುವ ಡ್ರೋನು ಬಂದರೆ ಮೌನ. ಅವು ದಿನವಿಡೀ ಬರುತ್ತವೆ, ದಿನವಿಡೀ ಕೂಗಿಸಿದರೆ ಜನ ದುಡಿಯುವುದೆಂತು, ತಾವು ಕಣ್ಣು ಮುಚ್ಚುವುದೆಂತು? ದಿನಾ ಸಾಯೋರಿಗೆ ಅಳೋರ್ಯಾರು ಎಂಬ ಗಾದೆಯನ್ನು ಸರ್ಕಾರಿ ಆದೇಶದ ಮಟ್ಟಕ್ಕೆ ಏರಿಸಿದ ಕೀರ್ತಿ ತಮಗೇ ಸಲ್ಲಬೇಕು. ಅವನ್ನು ಹೊಡೆದುರುಳಿಸೋಣವೆಂದರೆ ಹೊಡೆಯುವ ಕ್ಷಿಪಣಿಯೇ ಎಷ್ಟೋ ಪಾಲು ತುಟ್ಟಿಯಂತೆ. ಮೂಗಿಗಿಂತ ಮೂಗುತಿ ಭಾರ. ಒಪ್ಪಿದೆ. ಒಂದೇ ಒಂದು ಸಣ್ಣ ಅನುಮಾನ. ಅಗ್ಗವಾದದ್ದು ಯಂತ್ರವೋ, ಅದು ಬೀಳುವ ಜಾಗದಲ್ಲಿ ಕೂತವರೋ? ದುಬಾರಿ ಬಾಂಬಿಗೆ ಸಿಕ್ಕವರು ಸ್ವಲ್ಪ ಜಾಸ್ತಿ ಸಾಯುತ್ತಾರೆಯೇ?

"ಸಾರ್ವಜನಿಕರು ತಮ್ಮ ಶ್ರವಣಶಕ್ತಿಯನ್ನು ಬಳಸತಕ್ಕದ್ದು" ಎಂದು ಕೊನೆಗೆ ಅಪ್ಪಣೆ ಕೊಡಿಸಿದ್ದೀರಿ. ನಮ್ಮಕ್ಕ ಬಳಸಿದಳು.

ಅಕ್ಕ, ಭಾವ ಇಬ್ಬರೂ ದರ್ಜಿಗಳು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅಕ್ಕನ ಮಿಷನ್ನು, ಹಿಂದಿನ ಕೋಣೆಯಲ್ಲಿ ಭಾವನದು. ಎರಡಕ್ಕೂ ಮೋಟಾರು. ತಮಗೆ ತಿಳಿದಿರಲಿಕ್ಕಿಲ್ಲ, ನಮ್ಮ ಬೀದಿಯಲ್ಲಿ ಡ್ರೋನಿಗೆ "ಹೊಲಿಗೆ ಮಿಷನ್" ಎಂದೇ ಹೆಸರು. ದೂರದಿಂದ ಸದ್ದು ಹಾಗೇ ಕೇಳುತ್ತದೆ. ಮಿಕ್ಕವರಿಗೆ ಇದು ತಮಾಷೆಯ ಹೋಲಿಕೆ, ದರ್ಜಿಗಳ ಮನೆಯಲ್ಲಿ ಫಜೀತಿ. ಅದಕ್ಕೇ ಅವರೊಂದು ಪದ್ಧತಿ ಇಟ್ಟುಕೊಂಡಿದ್ದರು. ಅಕ್ಕ ಆಗಾಗ ತನ್ನ ಮಿಷನ್ ನಿಲ್ಲಿಸುವಳು. ಆಮೇಲೂ ಸದ್ದಿದ್ದರೆ ಹಿಂದಿನ ಕೋಣೆಗೆ ಕೇಳುವಂತೆ ಕೂಗುವಳು: "ನಿಮ್ದೇನ್ರೀ?" ಭಾವ ತಾವೂ ನಿಲ್ಲಿಸಿ, ಸದ್ದು ಅಡಗಿದರೆ "ನಂದೇ" ಎನ್ನುವರು. ಅಡಗದಿದ್ದರೆ ಇಬ್ಬರೂ ಕತ್ತರಿ ಬಿಸಾಕಿ ನೆಲಮಾಳಿಗೆಗೆ.

"ಅರ್ಧ ಕಾಲರಲ್ಲಿ ನಿಲ್ಸಿದ್ರೆ ಹೊಲಿಗೆ ಸೊಟ್ಟಗಾಗುತ್ತೆ ಕಣೇ," ಎಂದು ಭಾವ ರೇಗುವರು.

"ಕಾಲರ್ ಸೊಟ್ಟಗಾದ್ರೆ ಬಿಚ್ಚಿ ಹೊಲೀಬಹುದು. ಕತ್ತು ಸೊಟ್ಟಗಾದ್ರೆ?"

"ಅದು ನಿನ್ನ ಕೈ ಹಿಡಿದ ದಿನಾನೇ ಆಯ್ತಲ್ಲ."

ಹೋದ ತಿಂಗಳು ಒಂದು ದಿನ, ಇನ್ನೇನು ಊಟಕ್ಕೆ ಏಳಬೇಕು, ಅಕ್ಕ ಮಿಷನ್ ನಿಲ್ಲಿಸಿ ಕೇಳಿದಳು. "ನಂದೇ, ನಂದೇ," ಎಂದರು ಭಾವ, ನಿಲ್ಲಿಸದೆ. ಕಾಲರು ಅರ್ಧದಲ್ಲಿತ್ತು. ಅವರ ಮಿಷನ್ನೂ ಓಡುತ್ತಿತ್ತು, ಮೇಲಿನದೂ ಓಡುತ್ತಿತ್ತು. ಸೈರನ್ ಸುತ್ತೋಲೆಗೆ ವಿಧೇಯವಾಗಿ ಸುಮ್ಮನಿತ್ತು. ಅಕ್ಕ ಸೂಜಿಗೆ ದಾರ ಪೋಣಿಸಿ ಮತ್ತೆ ಶುರು ಮಾಡಿದಳು. ಹಿಂದಿನ ಕೋಣೆ ಹೋಯಿತು. ನಡುಗೋಡೆ ದಪ್ಪವಿತ್ತು, ಅಕ್ಕ ಉಳಿದಳು. ಹಾಗೆ ನೋಡಿದರೆ ಭಾವ ಸುಳ್ಳೇನೂ ಹೇಳಲಿಲ್ಲ.

ಹೇಗನ್ನಿಸಿತು ಎಂದು ಬಂದವರೆಲ್ಲ ಕೇಳುತ್ತಾರೆ. ಏನೂ ಅನ್ನಿಸಲಿಲ್ಲ, ಸ್ವಾಮಿ. ಚಪ್ಪಲಿ ಮೆಟ್ಟಿಕೊಂಡು ಹೋದೆ, ಗಾಜು ಗುಡಿಸಿದೆ, ಕೋಟು ಕೇಳಲು ಬಂದ ಗಿರಾಕಿಗೆ "ನಾಳೆ ಬನ್ನಿ" ಎಂದೆ. ದರ್ಜಿಗಳ ಕಸುಬಿನಲ್ಲಿ ನನಗೆ ಬರುವುದು ಅದೊಂದೇ ಮಾತು.

ಈಗ ಅಕ್ಕ ಮಿಷನ್ ನಿಲ್ಲಿಸುವುದನ್ನೇ ಬಿಟ್ಟಿದ್ದಾಳೆ. ಬೆಳಗಿನಿಂದ ಓಡಿಸುತ್ತಾಳೆ, ಕೆಲವು ಸಲ ಸೂಜಿಯ ಕೆಳಗೆ ಬಟ್ಟೆಯೂ ಇರುವುದಿಲ್ಲ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಆಕಾಶಕ್ಕೆ ಕಿವಿ ಕೊಟ್ಟಿರುತ್ತೇನೆ.

"ಅಕ್ಕಾ, ಏಳೇ, ಬಂತು!"

"ಯಾರು ಹೇಳಿದ್ದು?"

"ನಾನೇ ಕೇಳಿಸ್ಕೊಂಡೆ ಕಣೇ."

"ನೀನು ಹುಟ್ಟಿದಾಗಿಂದ ಸುಮ್‌ಸುಮ್ನೆ ಕೂಗ್ತಾನೇ ಇದ್ದೀಯ. ನಿನ್ನ ಕಿವೀನೂ ಬೇಡ, ನನ್ನ ಕಿವೀನೂ ಬೇಡ. ಸೈರನ್ ಕೂಗ್ಲಿ, ಏಳ್ತೀನಿ."

ಆಡಿದ ಮಾತಿಗೆ ತಪ್ಪುವವಳಲ್ಲ. ಮೊನ್ನೆ ಯಾವುದೋ ಕ್ಷಿಪಣಿಯ ಗೌರವಾರ್ಥ ತಾವು ಸೈರನ್ ಕೂಗಿಸಿದಾಗ, ತಟ್ಟನೆ ಎದ್ದು ನನಗಿಂತ ಮುಂಚೆ ನೆಲಮಾಳಿಗೆಯಲ್ಲಿದ್ದಳು. ಅವಳಿಗೆ ಇನ್ನೂ ಬದುಕುವ ಮನಸ್ಸಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಆದ್ದರಿಂದ ಸುತ್ತೋಲೆಯನ್ನು ರದ್ದು ಮಾಡಿ. ಡ್ರೋನು ಎಷ್ಟೇ ಸೋವಿಯಾಗಿರಲಿ, ಕೂಗಿಸಿ. ಊರಿಗೆಲ್ಲ ಆಗದಿದ್ದರೆ ನಮ್ಮ ಬೀದಿಯ ಕಂಬದ ಮೇಲಿನದನ್ನಾದರೂ ಕೂಗಿಸಿ. ತುಂಬ ಹೊತ್ತು ಬೇಡ, ಒಬ್ಬ ಹೆಂಗಸು ಮಿಷನ್ ಬಿಟ್ಟು ಏಳುವಷ್ಟು ಹೊತ್ತು ಸಾಕು. ಅಷ್ಟರಲ್ಲಿ ಅಕ್ಕಪಕ್ಕದವರಿಗೂ ಕೇಳಿಸಿ ಅವರೂ ಬದುಕಿಬಿಟ್ಟರೆ, ಆ ಅಕ್ರಮ ಬಳಕೆಯ ಹೊಣೆ ನನ್ನದು.

ಇಂತಿ,
ತಮ್ಮ ಉತ್ತರ ಬರುವವರೆಗೆ ಮೆಟ್ಟಿಲ ಮೇಲಿಂದ ಕದಲದ,
ಒಡಹುಟ್ಟಿದವಳೇ ನಂಬದ
ಹಂಗಾಮಿ ಸೈರನ್