ಕಚ್ಚಿದ ಉಣುಗನ್ನು ಹಾಜರುಪಡಿಸಲಾಗದ ಬಗ್ಗೆ

ಮಾನ್ಯ ಕಾರ್ಮಿಕ ಕ್ಷೇಮಾಧಿಕಾರಿಗಳೇ,

ನನ್ನ ಗಂಡ ಸಾಯುತ್ತಿದ್ದಾನೆ, ನೀವು ಉಣುಗು ಕೇಳುತ್ತಿದ್ದೀರಿ. 'ಇದು ಕೆಲಸದಿಂದ ಬಂದ ಕಾಯಿಲೆ' ಎಂಬ ನಿಮ್ಮ ಸಹಿಯಿಲ್ಲದೆ ದೊಡ್ಡಾಸ್ಪತ್ರೆ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಒಂಬತ್ತು ದಿನ ಕಾದ ಮೇಲೆ ನಿಮ್ಮಿಂದ ಬಂದದ್ದು ಸಹಿಯಲ್ಲ, ಪ್ರಶ್ನೆ: 'ಕಚ್ಚಿದ ಕೀಟವನ್ನು ಏಕೆ ಹಾಜರುಪಡಿಸಿಲ್ಲ?'

ಸಮನ್ಸ್ ಕಳಿಸಿದರೆ ಬರುತ್ತದೆಯೇ ಸ್ವಾಮಿ, ಅದು? ಮೈಗೆ ಕಚ್ಚಿಕೊಂಡು ರಕ್ತ ಹೀರುವ, ಗಸಗಸೆ ಕಾಳಿನಷ್ಟು ಹುಳ. ನಾವು ಜಿಂಕೆವನದ ಬೇಲಿಯ ಪಕ್ಕ ಹುಲ್ಲು ಕೊಯ್ಯುವವರು. ಕೆಲಸ ಮುಗಿದ ಮೇಲೆ ಪಂಪಿನ ಮನೆಯ ಕಟ್ಟೆಯ ಮೇಲೆ ಜೋಡಿ ಜೋಡಿಯಾಗಿ ಕೂತು ಒಬ್ಬರ ಮೈ ಒಬ್ಬರು ಹುಡುಕುತ್ತೇವೆ. ಸಿಕ್ಕಿದ್ದನ್ನು ಎರಡು ಉಗುರಿನ ನಡುವೆ ಚಿಟ್ ಎನ್ನಿಸುತ್ತೇವೆ. ಅವನ ಮಂಡಿಯ ಹಿಂದೆ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದನ್ನು ಕಿತ್ತು ಹೊಸಕಿದವಳು ನಾನೇ. "ನಿಧಾನ ಕಣೇ, ನೆಂಟರ ಥರ ಉಂಡು ಮಲಗಿದೆ, ಎಬ್ಬಿಸ್ಬೇಡ" ಎಂದು ನಕ್ಕಿದ್ದ. ಸಾಕ್ಷ್ಯ ನಾಶ ಮಾಡಿದ್ದೇನೆ. ಕೇಸು ಹಾಕಿ.

ಇನ್ನು ನಿಮ್ಮ ಕಡತದ ಮಾತು. ಎರಡು ವರ್ಷದ ಹಿಂದೆ ನಿಮ್ಮದೇ ಲಾರಿಯಿಂದ ಬಿದ್ದು ಅವನ ಗುಲ್ಮ ಒಡೆಯಿತು, ತೆಗೆದುಹಾಕಿದರು. ರಕ್ತದ ಕ್ರಿಮಿಗಳನ್ನು ಸೋಸುವ ಜರಡಿ ಈ ಮೈಯಲ್ಲಿ ಇನ್ನಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ನೀವು ಓದಿದಿರಿ, ಮರುಗಿದಿರಿ, 'ಹಗುರ ಕೆಲಸ ಕೊಡತಕ್ಕದ್ದು' ಎಂದು ಷರಾ ಹಾಕಿದಿರಿ. ಹಗುರ ಕೆಲಸವೆಂದರೇನು? ಕೂತು ಮಾಡುವುದು. ಕೂರುವುದೆಲ್ಲಿ? ಉಣುಗು ತುಂಬಿದ ಹುಲ್ಲಿನಲ್ಲಿ. ಕುಂಟ ಕುರಿಗೆ ನಡೆಯುವ ಕಷ್ಟ ಬೇಡವೆಂದು ತೋಳದ ಗವಿಯಲ್ಲೇ ಕಟ್ಟಿಹಾಕಿದ ಕರುಣೆಯಲ್ಲವೇ ಇದು?

ಜ್ವರ ಬಂತು. ನಿಮ್ಮ ಔಷಧಾಲಯ ಮಲೇರಿಯಾ ಎಂದು ಮಾತ್ರೆ ಕೊಟ್ಟಿತು. ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಕ್ರಿಮಿ, ಉಣುಗು ತರುವ ಕ್ರಿಮಿ ಎರಡೂ ಕೆಂಪುಕಣದೊಳಗಿನ ಉಂಗುರದಂತೆ ಕಾಣುತ್ತವಂತೆ. ಏನು ಕೆಲಸ ಮಾಡ್ತೀಯಪ್ಪಾ ಎಂದು ಒಬ್ಬರೂ ಕೇಳಲಿಲ್ಲ. ಆರನೇ ದಿನ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತು. ಏಳನೇ ದಿನ ಮೂತ್ರವೇ ಇಲ್ಲ. ಆಗ ಗೊತ್ತಾಯಿತು, ಉಣುಗಿನಿಂದ ಬರುವ ಬ್ಯಾಬೀಸಿಯಾ ಎಂದು. ಒಡೆದ ರಕ್ತಕಣಗಳು ಮೂತ್ರಪಿಂಡವನ್ನು ಕೆಡಿಸಿವೆ. ಶ್ವಾಸಕೋಶದಲ್ಲಿ ನೀರು ತುಂಬಿದೆ. ಸೂಜಿ ಚುಚ್ಚಿದಲ್ಲೆಲ್ಲ ರಕ್ತ ನಿಲ್ಲುತ್ತಿಲ್ಲ.

"ಮೈಯಲ್ಲಿರೋ ರಕ್ತಾನೇ ಬದಲಾಯಿಸ್ಬೇಕಮ್ಮಾ. ಆ ಯಂತ್ರ ನಮ್ಮಲ್ಲಿಲ್ಲ. ಮೊದಲೇ ಕರ್ಕೊಂಡು ಹೋಗಿದ್ರೆ..." ಎಂದ ಇಲ್ಲಿನ ಸಣ್ಣಾಸ್ಪತ್ರೆಯ ವೈದ್ಯೆ ಮಾತು ಮುಗಿಸಲಿಲ್ಲ. ನಿಮ್ಮ ಗುಮಾಸ್ತ ಮಾತ್ರ ಪೂರ್ತಿ ಮಾತಾಡಿದ: "ಸಾಹೇಬ್ರು ಮೀಟಿಂಗಲ್ಲಿದಾರೆ ಅಕ್ಕಾ. ಅಂಥದ್ದೇ ಇನ್ನೊಂದು ಹುಳ ಸಿಕ್ರೆ ಬಾಟ್ಲಲ್ಲಿ ಹಾಕ್ಕೊಂಡು ಬನ್ನಿ, ಫೈಲು ಮುಂದೆ ಹೋಗುತ್ತೆ."

ಬೇರೆ ಯಾವುದೋ ಹುಳ ತಂದರೆ ನಡೆಯುತ್ತದೆ, ಸಾಯುತ್ತಿರುವವನ ರಕ್ತದ ವರದಿ ತಂದರೆ ನಡೆಯುವುದಿಲ್ಲ. ಈ ನಿಯಮವನ್ನು ಯಾವ ತಲೆ ಬರೆಯಿತು?

ಪರಿಹಾರ ಬೇಡ, ಸಂತಾಪವೂ ಬೇಡ. ಇವತ್ತು ಸಹಿ ಹಾಕಿ. ಉಳಿಯುತ್ತಾನೆಂದು ವೈದ್ಯೆ ಹೇಳುತ್ತಿಲ್ಲ, ನಾನೂ ನಂಬಿಲ್ಲ. ಆದರೂ ಆ ಯಂತ್ರವಿರುವ ಕೋಣೆಯ ಬಾಗಿಲಿನವರೆಗಾದರೂ ಅವನು ಹೋಗಲಿ. ತಡವಾಯಿತು ಎಂದು ಹೇಳುವ ಹಕ್ಕು ಅಲ್ಲಿನವರದು, ನಿಮ್ಮದಲ್ಲ.

ಇಂತಿ,
ನಾಳೆ ಬೆಳಿಗ್ಗೆ ಗಂಡನ ಪಾಲಿನ ಹುಲ್ಲನ್ನೂ ಕೊಯ್ಯಬೇಕೆಂದು ನಿಮ್ಮಿಂದ ಆದೇಶ ಪಡೆದಿರುವವಳು